ಡ್ರೈವರಿನಿಂದ ಎಫ್‌ಡಿ ಕೊಡುವ ಬಗೆ: ಯಾವುದು ಮೊದಲು, ಯಾವುದು ಕೊನೆಗೆ

ಕಲಬುರಗಿ, ಬೀದರ, ಯಾದಗಿರಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದಲೂ ಇಲ್ಲಿಯೇ ಕುಳಿತು ಎಂಬೆಡೆಡ್ ಕೆಲಸ ಮಾಡುವ ಗೆಳೆಯರಿಂದಲೂ ಮೂರು ಪ್ರಶ್ನೆಗಳು ನನಗೆ ಮೇಲಿಂದ ಮೇಲೆ ಬರುತ್ತವೆ. ನನ್ನ ಡ್ರೈವರ್ ಬಳಕೆದಾರರ ಪ್ರೋಗ್ರಾಮಿಗೆ ಹೊಸದೊಂದು ಫೈಲ್ ಡಿಸ್ಕ್ರಿಪ್ಟರ್ (ಎಫ್‌ಡಿ, ಅಂದರೆ ತೆರೆದ ಫೈಲಿಗೆ ಕರ್ನಲ್ ಕೊಡುವ ನಂಬರ್) ಕೊಡಬೇಕು, ಅದನ್ನು ಯಾವ ಕ್ರಮದಲ್ಲಿ ಮಾಡಬೇಕು? ಪ್ರೋಗ್ರಾಮ್ ಎಫ್‌ಡಿಯನ್ನು ಕ್ಲೋಸ್ ಮಾಡಿದ ಮೇಲೂ ನನ್ನ ರಿಲೀಸ್ ಫಂಕ್ಷನ್, ಅಂದರೆ ಕೊನೆಗೆ ಶುಚಿ ಮಾಡುವ ಫಂಕ್ಷನ್, ಏಕೆ ಓಡುವುದಿಲ್ಲ? ಇಷ್ಟೆಲ್ಲ ಮಾಡುವ ಬದಲು ಒಂದು ಸಾದಾ ಐಡಿ ನಂಬರ್ ಕೊಟ್ಟರೆ ಸಾಲದೇ? ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಆದ್ದರಿಂದ ಲಿನಕ್ಸ್ ಕರ್ನಲ್ಲಿನ ಮಟ್ಟಿಗೆ ಇಡೀ ದಾರಿಯನ್ನು ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ನಮ್ಮ ಊರಿಗೆ ಒಗ್ಗುವ ಒಂದು ಯಂತ್ರವನ್ನೇ ಇಟ್ಟುಕೊಳ್ಳೋಣ. ದಾಲ್ ಮಿಲ್ಲಿನಲ್ಲಿ ತೊಗರಿ ಚೀಲಗಳನ್ನು ತೂಗಲು ಎಂಟು ತೂಕದ ಕಟ್ಟೆಗಳಿವೆ, ಎಂಟರ ಸೆನ್ಸರುಗಳೂ ಒಂದೇ ಯುಎಸ್‌ಬಿ ಕಾರ್ಡಿಗೆ ಸೇರುತ್ತವೆ, ಆ ಕಾರ್ಡಿಗೆ ನೀವು ಡ್ರೈವರ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಕಾರ್ಡು ‘/ಡೆವ್/ತೂಕ0’ ಎಂಬ ಹೆಸರಿನಲ್ಲಿ ಕಾಣಿಸುತ್ತದೆ. ಪ್ರೋಗ್ರಾಮ್ ಅದನ್ನು ತೆರೆದು, “ಮೂರನೆಯ ಕಟ್ಟೆಯನ್ನು ನನಗೆ ಕೊಡು” ಎಂದು ಕೇಳಿದಾಗ, ಆ ಕಟ್ಟೆಗೆ ಮಾತ್ರ ಸಂಬಂಧಿಸಿದ ಹೊಸ ಎಫ್‌ಡಿಯನ್ನು ಡ್ರೈವರ್ ಕೊಡಬೇಕು.

ಬರಹದ ರೀತಿಯ ಬಗ್ಗೆ ಒಂದು ಮಾತು: ಫಂಕ್ಷನ್ ಹೆಸರುಗಳನ್ನು ನಾವು ತರಗತಿಯಲ್ಲಿ ಬಾಯಿಂದ ಹೇಳುವ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಅಂಡರ್‌ಸ್ಕೋರ್ ಎಲ್ಲಿ ಬರುತ್ತದೋ ಅಲ್ಲಿ ಹಾಗೆಯೇ ಉಳಿಸಿದ್ದೇನೆ, ಕರ್ನಲ್ ಕೋಡಿನಲ್ಲಿ ಹುಡುಕಲು ಅಷ್ಟು ಸಾಕು.

ಬೇಕಾದ ಸಿದ್ಧತೆ

ಸಿ ಭಾಷೆ ಬರಬೇಕು, ಓದು-ಬರೆಯುವಷ್ಟು ಮಾಡುವ ಒಂದು ಸಣ್ಣ ಕ್ಯಾರೆಕ್ಟರ್ ಡ್ರೈವರನ್ನಾದರೂ ಮೊದಲೇ ಬರೆದಿರಬೇಕು. ಪ್ರಯೋಗಕ್ಕೆ ಕ್ಯೂಎಂಯು ಒಳಗೆ ಓಡುವ ವರ್ಚುವಲ್ ಯಂತ್ರ ಇಟ್ಟುಕೊಳ್ಳಿ. ಪ್ರಾಜೆಕ್ಟ್ ವರದಿ ಇರುವ ಲ್ಯಾಪ್‌ಟಾಪಿನಲ್ಲೇ ಮಾಡ್ಯೂಲ್ ಹಾಕಿ ಫೈಲ್‌ಸಿಸ್ಟಂ ಕೆಡಿಸಿಕೊಂಡವರನ್ನು ನಾನು ಬಲ್ಲೆ. ಆ ವರ್ಚುವಲ್ ಯಂತ್ರದ ಕರ್ನಲ್ಲಿನಲ್ಲಿ ‘ಕೆಎಸಾನ್’ ಮತ್ತು ‘ಕೆಮೆಮ್‌ಲೀಕ್’ ಎರಡನ್ನೂ ಚಾಲೂ ಮಾಡಿ ಬಿಲ್ಡ್ ಮಾಡಿಕೊಳ್ಳಿ. ಮೊದಲನೆಯದು ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಹಿಡಿಯುತ್ತದೆ, ಎರಡನೆಯದು ಬಿಡುಗಡೆ ಮಾಡಲು ಮರೆತ ಮೆಮೊರಿಯನ್ನು ತೋರಿಸುತ್ತದೆ. ಎಫ್‌ಡಿ ಕೆಲಸದಲ್ಲಿ ಆಗುವ ತಪ್ಪುಗಳು ಬಹುತೇಕ ಈ ಎರಡು ಜಾತಿಯವೇ.

ನಂಬರ್ ಬೇರೆ, ಫೈಲ್ ಬೇರೆ

ಜಾತ್ರೆಯ ದಿನ ಶರಣಬಸವೇಶ್ವರ ಗುಡಿಗೆ ಹೋದಾಗ ಚಪ್ಪಲಿ ಬಿಟ್ಟು ಬಿಲ್ಲೆ ತೆಗೆದುಕೊಳ್ಳುತ್ತೀರಿ. ಬಿಲ್ಲೆಯ ಮೇಲೆ 7 ಎಂದಿರುತ್ತದೆ. ಪಕ್ಕದ ಸ್ಟ್ಯಾಂಡಿನಲ್ಲೂ 7ರ ಬಿಲ್ಲೆ ಇರಬಹುದು, ಅಲ್ಲಿರುವ ಚಪ್ಪಲಿ ಮಾತ್ರ ಬೇರೆಯವರದ್ದು. ಎಫ್‌ಡಿ ಎಂಬುದು ಆ ಬಿಲ್ಲೆಯ ನಂಬರ್ ಮಾತ್ರ. ಪ್ರತಿಯೊಂದು ಪ್ರೊಸೆಸ್ಸಿಗೂ ತನ್ನದೇ ಆದ ಎಫ್‌ಡಿ ಪಟ್ಟಿ ಇರುತ್ತದೆ, ಆ ಪಟ್ಟಿಯಲ್ಲಿ 7ನೆಯ ಮನೆ ಯಾವ ‘ಸ್ಟ್ರಕ್ಟ್ ಫೈಲ್’ ಅನ್ನು ತೋರಿಸುತ್ತದೆ ಎಂಬುದರಿಂದ ಆ ನಂಬರಿಗೆ ಅರ್ಥ ಬರುತ್ತದೆ. ‘ಸ್ಟ್ರಕ್ಟ್ ಫೈಲ್’ ಎಂದರೆ ತೆರೆದ ಫೈಲನ್ನು ಪ್ರತಿನಿಧಿಸುವ ಕರ್ನಲ್ಲಿನೊಳಗಿನ ವಸ್ತು. ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆ ಅದರಲ್ಲಿಯೇ ಇರುತ್ತದೆ. ಇದಕ್ಕೆ ರೆಫರೆನ್ಸ್ ಕೌಂಟ್ ಎನ್ನುತ್ತಾರೆ. ಎಣಿಕೆ ಸೊನ್ನೆಗೆ ಇಳಿದಾಗ ಮಾತ್ರ ನಿಮ್ಮ ರಿಲೀಸ್ ಫಂಕ್ಷನ್ ಓಡುತ್ತದೆ.

ಹಂತ 1: ಎಫ್‌ಡಿ ನಿಜವಾಗಿಯೂ ಬೇಕೇ ಎಂದು ತೀರ್ಮಾನಿಸಿ

ಎಫ್‌ಡಿಯ ದೊಡ್ಡ ಲಾಭವೆಂದರೆ, ಅದನ್ನು ಹಿಡಿದ ಪ್ರೊಸೆಸ್ ಯಾವ ಕಾರಣಕ್ಕೆ ಸತ್ತರೂ ಕರ್ನಲ್ ತಾನೇ ಅದನ್ನು ಮುಚ್ಚುತ್ತದೆ, ನಿಮ್ಮ ರಿಲೀಸ್ ಫಂಕ್ಷನ್ ಓಡುತ್ತದೆ, ಕಟ್ಟೆ ಬೇರೆಯವರಿಗೆ ಸಿಗುತ್ತದೆ. ಕರ್ನಲ್ಲಿನ ಜಿಪಿಐಒ ವಿಭಾಗದ, ಅಂದರೆ ಬೋರ್ಡಿನ ಪಿನ್ನುಗಳನ್ನು ನಡೆಸುವ ಭಾಗದ, ಇತಿಹಾಸ ಇದಕ್ಕೆ ಒಳ್ಳೆಯ ಸಾಕ್ಷಿ. ಹಳೆಯ ಸಿಸ್‌ಎಫ್‌ಎಸ್ ದಾರಿಯಲ್ಲಿ ಒಂದು ಪಿನ್ನಿನ ನಂಬರನ್ನು ಎಕ್ಸ್‌ಪೋರ್ಟ್ ಫೈಲಿಗೆ ಬರೆದು ಪಿನ್ನನ್ನು ಪಡೆಯಬೇಕಿತ್ತು. ಪ್ರೋಗ್ರಾಮ್ ನಡುವೆಯೇ ಬಿದ್ದುಹೋದರೆ ಪಿನ್ ಹಾಗೆಯೇ ಎಕ್ಸ್‌ಪೋರ್ಟ್ ಆಗಿ ಉಳಿಯುತ್ತಿತ್ತು, ಅದು ಯಾರದ್ದು ಎಂದು ಕರ್ನಲ್ಲಿಗೂ ಗೊತ್ತಿರುತ್ತಿರಲಿಲ್ಲ. 2016ರಲ್ಲಿ ಬಂದ 4.8 ಕರ್ನಲ್ಲಿನ ಹೊಸ ವ್ಯವಸ್ಥೆಯಲ್ಲಿ ‘/ಡೆವ್/ಜಿಪಿಐಒಚಿಪ್0’ ತೆರೆದು ಕೇಳಿದರೆ ಆ ಪಿನ್ನುಗಳಿಗೇ ಒಂದು ಎಫ್‌ಡಿ ಸಿಗುತ್ತದೆ, ಎಫ್‌ಡಿ ಹೋದರೆ ಹಕ್ಕೂ ಹೋಗುತ್ತದೆ.

ಎರಡನೆಯ ಲಾಭ, ಎಫ್‌ಡಿಯನ್ನು ‘ಪೋಲ್’ ಅಥವಾ ‘ಇಪೋಲ್’ಗೆ ಕೊಟ್ಟು ಘಟನೆಗಾಗಿ ಕಾಯಬಹುದು. ಮೂರನೆಯದು, ಯೂನಿಕ್ಸ್ ಸಾಕೆಟ್ ಮೇಲೆ ‘ಎಸ್‌ಸಿಎಂ_ರೈಟ್ಸ್’ ಮೂಲಕ ಇನ್ನೊಂದು ಪ್ರೊಸೆಸ್ಸಿಗೆ ದಾಟಿಸಬಹುದು. ಆಗ ಇಡೀ ಕಾರ್ಡಿನ ಅಧಿಕಾರವಿಲ್ಲದ ಪ್ರೋಗ್ರಾಮಿಗೂ ಒಂದೇ ಕಟ್ಟೆಯನ್ನು ಕೊಡಲು ಬರುತ್ತದೆ.

ಆದರೆ ಎಲ್ಲದಕ್ಕೂ ಎಫ್‌ಡಿ ಹಚ್ಚಬಾರದು. ಒಂದು ಪ್ರೊಸೆಸ್ಸಿಗೆ ಎಷ್ಟು ಎಫ್‌ಡಿ ಎಂಬ ಮಿತಿ ಸಾಮಾನ್ಯವಾಗಿ 1024 ಇರುತ್ತದೆ. ನಿಮ್ಮ ವಸ್ತುಗಳು ಸಾವಿರಗಟ್ಟಲೆ ಹುಟ್ಟಿ ಸಾಯುವಂಥವಾದರೆ ಗ್ರಾಫಿಕ್ಸ್ ಡ್ರೈವರುಗಳ ದಾರಿ ನೋಡಿ: ಅಲ್ಲಿ ‘ಜೆಮ್’ ಬಫರುಗಳಿಗೆ, ತೆರೆದ ಡಿವೈಸ್ ಫೈಲಿನೊಳಗೆ ಮಾತ್ರ ನಡೆಯುವ 32 ಬಿಟ್ ಹ್ಯಾಂಡಲ್ ನಂಬರ್ ಕೊಡುತ್ತಾರೆ, ಬಫರನ್ನು ಬೇರೆಯವರೊಂದಿಗೆ ಹಂಚಿಕೊಳ್ಳಬೇಕಾದಾಗ ಮಾತ್ರ ಅದನ್ನು ‘ಡಿಎಂಎ-ಬಫ್’ ಎಫ್‌ಡಿಯಾಗಿ ಬದಲಿಸುತ್ತಾರೆ. ನಮ್ಮ ಎಂಟು ಕಟ್ಟೆಗಳಿಗೆ ಎಫ್‌ಡಿ ಸರಿಯಾದ ಆಯ್ಕೆ.

ಹಂತ 2: ಒಂದು ವಸ್ತುವಿಗೆ ಒಂದು ಎಫ್‌ಡಿ

ಇಲ್ಲಿ ಕೆವಿಎಂ, ಅಂದರೆ ವರ್ಚುವಲ್ ಯಂತ್ರಗಳನ್ನು ಓಡಿಸುವ ಕರ್ನಲ್ಲಿನ ಭಾಗ, ನಮಗೆ ಮೇಲ್ಪಂಕ್ತಿ. 2007ರಲ್ಲಿ 2.6.20 ಕರ್ನಲ್ಲಿನೊಂದಿಗೆ ಬಂದ ಈ ವ್ಯವಸ್ಥೆಯಲ್ಲಿ ‘/ಡೆವ್/ಕೆವಿಎಂ’ ತೆರೆದರೆ ಒಂದು ಎಫ್‌ಡಿ, ಅದರ ಮೇಲೆ ‘ಕೆವಿಎಂ_ಕ್ರಿಯೇಟ್_ವಿಎಂ’ ಕರೆದರೆ ವರ್ಚುವಲ್ ಯಂತ್ರಕ್ಕೆ ಒಂದು ಎಫ್‌ಡಿ, ಅದರ ಮೇಲೆ ‘ಕೆವಿಎಂ_ಕ್ರಿಯೇಟ್_ವಿಸಿಪಿಯು’ ಕರೆದರೆ ಆ ಯಂತ್ರದ ಒಂದೊಂದು ಪ್ರೊಸೆಸರಿಗೆ ಒಂದೊಂದು ಎಫ್‌ಡಿ. ಪ್ರತಿಯೊಂದು ಮಟ್ಟಕ್ಕೂ ಅದರದೇ ಐಆಕ್ಟಲ್‌ಗಳು, ಅಂದರೆ ಡಿವೈಸಿಗೆ ಕೊಡುವ ವಿಶೇಷ ಆಜ್ಞೆಗಳು, ಇರುತ್ತವೆ.

ನಮ್ಮಲ್ಲಿ ಕಾರ್ಡು ತಾಯಿ, ಕಟ್ಟೆ ಮಗು. ಮಗುವಿನ ಎಫ್‌ಡಿ ತೆರೆದಿರುವವರೆಗೆ ತಾಯಿಯ ಸ್ಟ್ರಕ್ಚರ್ ಮೆಮೊರಿಯಲ್ಲಿ ಇರಲೇಬೇಕು, ಆದ್ದರಿಂದ ಮಗು ಹುಟ್ಟುವಾಗಲೇ ತಾಯಿಯ ಮೇಲೆ ಒಂದು ರೆಫರೆನ್ಸ್ ಹಿಡಿಯಬೇಕು. ತಾಯಿಯು ಮಗುವಿನ ಮೇಲೆ ರೆಫರೆನ್ಸ್ ಹಿಡಿಯಬಾರದು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಇಬ್ಬರ ಎಣಿಕೆಯೂ ಸೊನ್ನೆಗೆ ಬರುವುದಿಲ್ಲ.

ಹಂತ 3: ಕೊಡುಕೊಳ್ಳುವ ಸ್ಟ್ರಕ್ಚರನ್ನು ಗಟ್ಟಿಯಾಗಿ ಕಟ್ಟಿ

ಎಫ್‌ಡಿಯನ್ನು ಐಆಕ್ಟಲ್‌ನ ರಿಟರ್ನ್ ಬೆಲೆಯಾಗಿಯೇ ಕೊಡಬಹುದು, ಕೆವಿಎಂ ಹಾಗೆಯೇ ಮಾಡುತ್ತದೆ. ಬೇರೇನನ್ನೂ ಹಿಂದಿರುಗಿಸುವುದಿಲ್ಲವಾದರೆ ನನ್ನ ಮತ ಅದಕ್ಕೇ, ಏಕೆಂದರೆ ನಾಲ್ಕನೆಯ ಹಂತದಲ್ಲಿ ಬರುವ ಅಪಾಯಗಳಲ್ಲಿ ಅರ್ಧ ಅಲ್ಲಿಗೇ ತಪ್ಪುತ್ತವೆ. ಎಫ್‌ಡಿಯ ಜೊತೆಗೆ ಇನ್ನಷ್ಟು ವಿವರ ಕೊಡಬೇಕಾದರೆ ಸ್ಟ್ರಕ್ಚರ್ ಬೇಕು. ನಮ್ಮದರಲ್ಲಿ ಇಷ್ಟಿರಲಿ: ಕಟ್ಟೆಯ ಸಂಖ್ಯೆ 32 ಬಿಟ್, ಫ್ಲ್ಯಾಗುಗಳು 32 ಬಿಟ್, ಸೆಕೆಂಡಿಗೆ ಎಷ್ಟು ಬಾರಿ ತೂಕ ಓದಬೇಕೆಂಬ ದರ 32 ಬಿಟ್, ಎಫ್‌ಡಿ ಚಿಹ್ನೆಸಹಿತ 32 ಬಿಟ್, ಮುಂದಿನ ಕಾಲಕ್ಕೆಂದು ಖಾಲಿ ಬಿಟ್ಟ ನಾಲ್ಕು 32 ಬಿಟ್ ಮನೆಗಳು. ಒಟ್ಟು 32 ಬೈಟ್.

ಈ ಹಂತದಲ್ಲಿ ಜನ ಎಡವುವ ಜಾಗಗಳು ಹಲವು. ‘ಲಾಂಗ್’ ಮತ್ತು ಪಾಯಿಂಟರುಗಳನ್ನು ಸ್ಟ್ರಕ್ಚರಿನಲ್ಲಿ ಇಡಬೇಡಿ, 32 ಬಿಟ್ ಪ್ರೋಗ್ರಾಮಿಗೂ 64 ಬಿಟ್ ಕರ್ನಲ್ಲಿಗೂ ಅವುಗಳ ಅಳತೆ ಬೇರೆಯಾಗುತ್ತದೆ. ಮೇಲೆ ಹೇಳಿದ ಜಿಪಿಐಒ ವ್ಯವಸ್ಥೆಯೇ ಮೊದಲ ಆವೃತ್ತಿಯಲ್ಲಿ ಇಂಥದ್ದೊಂದರಲ್ಲಿ ಸಿಕ್ಕಿಹಾಕಿಕೊಂಡಿತ್ತು: ಅದರ ಘಟನೆಯ ಸ್ಟ್ರಕ್ಚರಿನಲ್ಲಿ 64 ಬಿಟ್ಟಿನ ಸಮಯ, ಅದರ ಹಿಂದೆ 32 ಬಿಟ್ಟಿನ ಗುರುತು ಇದ್ದವು. 32 ಬಿಟ್ ಎಕ್ಸ್86ನಲ್ಲಿ ಅದು 12 ಬೈಟ್, 64 ಬಿಟ್ಟಿನಲ್ಲಿ ಕಂಪೈಲರ್ ಹಿಂದೆ ಖಾಲಿ ಜಾಗ ಸೇರಿಸುವುದರಿಂದ 16 ಬೈಟ್. ರಾಸ್ಪ್‌ಬೆರಿ ಪೈ ಮೇಲೆ ಮಾತ್ರ ಪರೀಕ್ಷಿಸುವವರಿಗೆ ಈ ದೋಷ ಕಾಣುವುದೇ ಇಲ್ಲ, ಏಕೆಂದರೆ 32 ಬಿಟ್ ಎಆರ್‌ಎಂನಲ್ಲಿ 64 ಬಿಟ್ ಸಂಖ್ಯೆ 8 ಬೈಟ್ ಗಡಿಯಲ್ಲಿಯೇ ಕೂರುತ್ತದೆ. 2020ರ 5.10 ಕರ್ನಲ್ಲಿನ ಎರಡನೆಯ ಆವೃತ್ತಿಯಲ್ಲಿ ಖಾಲಿ ಜಾಗವನ್ನು ಎದ್ದುಕಾಣುವಂತೆ ಬರೆದೇ ಇಟ್ಟರು. ನೀವೂ ಖಾಲಿ ಜಾಗವನ್ನು ಕಂಪೈಲರಿನ ಇಚ್ಛೆಗೆ ಬಿಡಬೇಡಿ. ಅಳತೆ ಎಲ್ಲ ಕಡೆ ಒಂದೇ ಆದ ಮೇಲೆ ‘ಕಂಪ್ಯಾಟ್_ಐಆಕ್ಟಲ್’ ಜಾಗದಲ್ಲಿ ‘ಕಂಪ್ಯಾಟ್_ಪಿಟಿಆರ್_ಐಆಕ್ಟಲ್’ ಎಂದು ಹಾಕಿದರೆ ಸಾಕು, ಬೇರೆ ಅನುವಾದದ ಕೋಡ್ ಬೇಕಿಲ್ಲ.

ಖಾಲಿ ಬಿಟ್ಟ ಮನೆಗಳಲ್ಲಿ ಸೊನ್ನೆಯೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ‘ಇಇನ್‌ವಾಲ್’ (ತಪ್ಪು ಬೆಲೆ ಎಂಬ ಎರರ್) ಕೊಟ್ಟು ಹಿಂದೆ ಕಳಿಸಿ. ಗೊತ್ತಿಲ್ಲದ ಫ್ಲ್ಯಾಗಿಗೂ ಅದೇ ಉತ್ತರ. ಇಂದು ಸುಮ್ಮನೆ ಬಿಟ್ಟರೆ ಯಾರೋ ಕಸದ ಬೆಲೆ ತುಂಬಿದ ಪ್ರೋಗ್ರಾಮ್ ಬರೆದು ಮಿಲ್ಲಿಗೆ ಹಾಕಿರುತ್ತಾರೆ. ಎರಡು ವರ್ಷದ ಬಳಿಕ ಆ ಮನೆಗೆ ನೀವು ಅರ್ಥ ಕೊಟ್ಟ ದಿನ ಆ ಪ್ರೋಗ್ರಾಮ್ ನಿಲ್ಲುತ್ತದೆ, ಬೈಗುಳ ನಿಮಗೆ.

ಇನ್ನೊಂದು: ಎಫ್‌ಡಿ 0 ಎಂಬುದು ಸರಿಯಾದ ಎಫ್‌ಡಿಯೇ. “ಎಫ್‌ಡಿ ಇಲ್ಲ” ಎಂದು ಹೇಳಲು 0 ಬಳಸಬೇಡಿ, -1 ಬಳಸಿ. ಸ್ಟ್ರಕ್ಚರಿನಲ್ಲಿ ಎಫ್‌ಡಿಗೆ ಚಿಹ್ನೆಸಹಿತ ಸಂಖ್ಯೆ ಎಂದು ಬರೆದದ್ದು ಇದಕ್ಕಾಗಿಯೇ.

ಹಂತ 4: ಎಫ್‌ಡಿ ಕೊಡುವ ಕ್ರಮ

ಇಡೀ ಲೇಖನದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಸೋಲಬಹುದಾದ ಕೆಲಸವೆಲ್ಲ ಮೊದಲು, ‘ಎಫ್‌ಡಿ_ಇನ್‌ಸ್ಟಾಲ್’ ಕಟ್ಟಕಡೆಗೆ. ಬಿಡಿಸಿ ಬರೆದರೆ ಹೀಗೆ:

ಅ) ‘ಗೆಟ್_ಅನ್‌ಯೂಸ್ಡ್_ಎಫ್‌ಡಿ_ಫ್ಲ್ಯಾಗ್ಸ್’ ಕರೆದು ಒಂದು ನಂಬರನ್ನು ಕಾದಿರಿಸಿ. ಇದು ಖಾಲಿ ಬಿಲ್ಲೆ. ಹಿಂದೆ ಇನ್ನೂ ಯಾವ ಫೈಲೂ ಇಲ್ಲ. ಪ್ರೋಗ್ರಾಮ್ ಈಗಲೇ ಆ ನಂಬರ್ ಬಳಸಿದರೆ ‘ಇಬ್ಯಾಡ್‌ಎಫ್’ (ಎಫ್‌ಡಿ ಸರಿಯಿಲ್ಲ ಎಂಬ ಎರರ್) ಸಿಗುತ್ತದೆ.

ಆ) ನಿಮ್ಮ ಕಟ್ಟೆಯ ಸ್ಟ್ರಕ್ಚರನ್ನು ತಯಾರು ಮಾಡಿ, ತಾಯಿಯ ರೆಫರೆನ್ಸ್ ಹಿಡಿಯಿರಿ, ಹಾರ್ಡ್‌ವೇರಿಗೆ ಹೇಳಬೇಕಾದ್ದನ್ನು ಹೇಳಿ.

ಇ) ‘ಅನಾನ್_ಐನೋಡ್_ಗೆಟ್‌ಫೈಲ್’ ಕರೆದು ಫೈಲ್ ಮಾಡಿಕೊಳ್ಳಿ. ಡಿಸ್ಕಿನ ಮೇಲೆ ಹೆಸರಿಲ್ಲದ ಫೈಲ್ ಹುಟ್ಟಿಸುವ ಈ ಸೌಲಭ್ಯ 2007ರಲ್ಲಿ 2.6.22 ಕರ್ನಲ್ಲಿನೊಂದಿಗೆ ಬಂದದ್ದು. ಇಪೋಲ್, ಇವೆಂಟ್‌ಎಫ್‌ಡಿ, ಕೆವಿಎಂ ಎಲ್ಲವೂ ಇದರ ಮೇಲೆಯೇ ನಿಂತಿವೆ. ಇದಕ್ಕೆ ಕೊಡುವ ಫ್ಲ್ಯಾಗುಗಳಲ್ಲಿ ‘ಒ_ಆರ್‌ಡಿಡಬ್ಲ್ಯೂಆರ್’ ಮರೆತರೆ ಫೈಲ್ ಓದಲು ಮಾತ್ರ ತೆರೆದಂತಾಗುತ್ತದೆ, ಬರೆಯಲು ಹೋದರೆ ‘ಇಬ್ಯಾಡ್‌ಎಫ್’ ಬರುತ್ತದೆ, ನೀವು ಮಾತ್ರ ನಿಮ್ಮ ರೈಟ್ ಫಂಕ್ಷನ್ನಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ.

ಈ) ಸ್ಟ್ರಕ್ಚರಿನಲ್ಲಿ ಎಫ್‌ಡಿ ನಂಬರ್ ತುಂಬಿ ‘ಕಾಪಿ_ಟು_ಯೂಸರ್’ ಮೂಲಕ ಪ್ರೋಗ್ರಾಮಿಗೆ ತಲುಪಿಸಿ.

ಉ) ಅದು ಗೆದ್ದರೆ ಮಾತ್ರ ‘ಎಫ್‌ಡಿ_ಇನ್‌ಸ್ಟಾಲ್’ ಕರೆಯಿರಿ, ಅದರ ಮುಂದಿನ ಸಾಲಿನಲ್ಲಿ ಸೊನ್ನೆ ರಿಟರ್ನ್ ಮಾಡಿ.

ಈ) ಮತ್ತು ಉ) ಅದಲುಬದಲಾದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಪ್ರೋಗ್ರಾಮಿನಲ್ಲಿ ಎರಡು ಥ್ರೆಡ್‌ಗಳಿವೆ. ಮೊದಲನೆಯದು ಐಆಕ್ಟಲ್ ಕರೆದಿದೆ, ಡ್ರೈವರ್ 7ನ್ನು ಕಾದಿರಿಸಿ, ಫೈಲ್ ಮಾಡಿ, ಇನ್‌ಸ್ಟಾಲ್ ಮಾಡಿಬಿಟ್ಟಿದೆ. ಆ ಕ್ಷಣದಿಂದ 7 ಎಲ್ಲರ ಕೈಗೂ ಸಿಗುವ ಎಫ್‌ಡಿ. ಕರ್ನಲ್ ಯಾವಾಗಲೂ ಖಾಲಿ ಇರುವ ಅತಿ ಸಣ್ಣ ನಂಬರನ್ನೇ ಕೊಡುವುದರಿಂದ 7 ಬರುತ್ತದೆಂದು ಊಹಿಸುವುದು ಎರಡನೆಯ ಥ್ರೆಡ್ಡಿಗೆ ಕಷ್ಟವಲ್ಲ. ಅದು ‘ಕ್ಲೋಸ್(7)’ ಕರೆಯುತ್ತದೆ. ಎಣಿಕೆ ಸೊನ್ನೆಗೆ ಇಳಿಯುತ್ತದೆ, ನಿಮ್ಮ ರಿಲೀಸ್ ಓಡುತ್ತದೆ, ಕಟ್ಟೆಯ ಸ್ಟ್ರಕ್ಚರ್ ಬಿಡುಗಡೆಯಾಗುತ್ತದೆ. ಈಗ ಮೊದಲನೆಯ ಥ್ರೆಡ್ಡಿನಲ್ಲಿ ‘ಕಾಪಿ_ಟು_ಯೂಸರ್’ ಸೋಲುತ್ತದೆ, ಏಕೆಂದರೆ ಪ್ರೋಗ್ರಾಮ್ ಬೇಕೆಂದೇ ಕೆಟ್ಟ ವಿಳಾಸ ಕೊಟ್ಟಿದೆ. ನಿಮ್ಮ ಕೋಡ್ ಪ್ರಾಮಾಣಿಕವಾಗಿ ಶುಚಿ ಮಾಡಲು ಹೋಗಿ ‘ಎಫ್‌ಪುಟ್’ ಕರೆಯುತ್ತದೆ. ಇಲ್ಲದ ಫೈಲಿನ ಎಣಿಕೆಯನ್ನು ಇಳಿಸಿದಂತಾಯಿತು. ಎರಡನೆಯ ಥ್ರೆಡ್ ಏನೂ ಮಾಡದಿದ್ದರೂ ಕಥೆ ಕೆಟ್ಟದ್ದೇ: ಎಫ್‌ಡಿ ಪಟ್ಟಿಯಲ್ಲಿ 7 ಹಾಗೆಯೇ ಉಳಿದಿದೆ, ಅದು ತೋರಿಸುವ ಫೈಲ್ ಮಾತ್ರ ಸತ್ತಿದೆ, ಅದೇ ಮೆಮೊರಿಯಲ್ಲಿ ನಾಳೆ ಬೇರೊಬ್ಬರ ಫೈಲ್ ಬಂದು ಕೂರುತ್ತದೆ.

ಇದು ಊಹೆಯ ಮಾತಲ್ಲ. 2022ರ ಜನವರಿಯಲ್ಲಿ ಬಯಲಾದ, ‘ಸಿವಿಇ-2022-22942’ ಎಂಬ ಗುರುತು ಸಂಖ್ಯೆಯ ಭದ್ರತಾ ದೋಷ ಇಂಥದ್ದೇ. ‘ವಿಎಂಡಬ್ಲ್ಯೂಜಿಎಫ್‌ಎಕ್ಸ್’ ಗ್ರಾಫಿಕ್ಸ್ ಡ್ರೈವರಿನಲ್ಲಿ ಫೆನ್ಸ್ ಎಫ್‌ಡಿಯನ್ನು ಇನ್‌ಸ್ಟಾಲ್ ಮಾಡಿದ ಮೇಲೆ ನಕಲು ಮಾಡುವ ಕೆಲಸ ಸೋತರೆ, ಆ ಫೈಲಿನ ರೆಫರೆನ್ಸ್ ಇಳಿಸಿಬಿಡುತ್ತಿದ್ದರು. ಪರಿಣಾಮವಾಗಿ ಸಾಮಾನ್ಯ ಬಳಕೆದಾರನ ಕೈಯಲ್ಲಿ ಬೇರೆ ಪ್ರೊಸೆಸ್ಸುಗಳ ಫೈಲುಗಳನ್ನು ತೋರಿಸಬಲ್ಲ ಎಫ್‌ಡಿ ಉಳಿಯುತ್ತಿತ್ತು. ಇನ್‌ಸ್ಟಾಲ್ ಮಾಡುವುದನ್ನು ನಕಲಿನ ನಂತರಕ್ಕೆ ಸರಿಸಿದ್ದೇ ಪರಿಹಾರ.

ಸೋಲಿನ ದಾರಿಗಳನ್ನು ಈಗ ಸರಿಯಾಗಿ ಬರೆಯೋಣ, ಇಲ್ಲಿ ಇನ್ನೊಂದು ಗುಂಡಿಯಿದೆ. ಇ) ಸೋತರೆ ಫೈಲ್ ಹುಟ್ಟಿಯೇ ಇಲ್ಲ, ರಿಲೀಸ್ ಓಡುವುದಿಲ್ಲ, ಕಟ್ಟೆಯ ಸ್ಟ್ರಕ್ಚರನ್ನು ನೀವೇ ಬಿಡುಗಡೆ ಮಾಡಿ, ‘ಪುಟ್_ಅನ್‌ಯೂಸ್ಡ್_ಎಫ್‌ಡಿ’ ಮೂಲಕ ನಂಬರನ್ನು ಮರಳಿಸಬೇಕು. ಈ) ಸೋತರೆ ಫೈಲ್ ಹುಟ್ಟಿದೆ, ಆಗ ‘ಎಫ್‌ಪುಟ್’ ಕರೆದರೆ ರಿಲೀಸ್ ಫಂಕ್ಷನ್ನೇ ಸ್ಟ್ರಕ್ಚರನ್ನು ಬಿಡುಗಡೆ ಮಾಡುತ್ತದೆ, ನೀವು ಮತ್ತೊಮ್ಮೆ ಮಾಡಬಾರದು, ನಂಬರನ್ನು ಮಾತ್ರ ಮರಳಿಸಬೇಕು. ವಿದ್ಯಾರ್ಥಿಗಳು ಎರಡೂ ಸೋಲಿಗೆ ಒಂದೇ ‘ಗೋಟು’ ಗುರುತು ಬರೆದು ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವುದನ್ನು ನಾನು ಪ್ರತಿ ಸೆಮಿಸ್ಟರಿನಲ್ಲೂ ನೋಡುತ್ತೇನೆ. ‘ಎಫ್‌ಪುಟ್’ ಆದ ಕೂಡಲೇ ರಿಲೀಸ್ ಓಡಿರುತ್ತದೆ ಎಂದೂ ತಿಳಿಯಬೇಡಿ. ಸಾಮಾನ್ಯವಾಗಿ ಅದು ಸಿಸ್ಟಂ ಕಾಲ್ ಮುಗಿದು ಬಳಕೆದಾರರ ಕಡೆಗೆ ಮರಳುವ ಹೊತ್ತಿಗೆ ಓಡುತ್ತದೆ.

ಇನ್‌ಸ್ಟಾಲ್ ಆದ ಮೇಲೆ ಕಟ್ಟೆಯ ಸ್ಟ್ರಕ್ಚರನ್ನು ಮುಟ್ಟಬೇಡಿ, “ಇಂತಿಷ್ಟನೆಯ ಕಟ್ಟೆ ಕೊಟ್ಟಾಯಿತು” ಎಂದು ಲಾಗ್ ಬರೆಯುವುದಕ್ಕೂ ಬೇಡ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಅದನ್ನು ಮುಚ್ಚಿರಬಹುದು. ಲಾಗ್ ಬೇಕೇ ಬೇಕಾದರೆ ಇನ್‌ಸ್ಟಾಲ್‌ಗೆ ಮೊದಲೇ ಬರೆಯಿರಿ.

ಅ), ಇ), ಉ) ಮೂರನ್ನೂ ಒಟ್ಟಿಗೆ ಮಾಡಿಕೊಡುವ ‘ಅನಾನ್_ಐನೋಡ್_ಗೆಟ್‌ಎಫ್‌ಡಿ’ ಎಂಬ ಫಂಕ್ಷನ್ ಇದೆ. ಎಫ್‌ಡಿಯನ್ನು ರಿಟರ್ನ್ ಬೆಲೆಯಾಗಿ ಕೊಡುವವರಿಗೆ, ಅದರ ನಂತರ ಸೋಲಬಹುದಾದ ಯಾವ ಕೆಲಸವೂ ಇಲ್ಲದವರಿಗೆ ಅದು ಅನುಕೂಲ. ‘ಕಾಪಿ_ಟು_ಯೂಸರ್’ ಇರುವವರಿಗೆ ಅಲ್ಲ.

ಹಂತ 5: ಕ್ಲೋಎಕ್ಸೆಕ್ ಹಾಕಿಯೇ ಕೊಡಿ

ನಂಬರ್ ಕಾದಿರಿಸುವಾಗ ‘ಒ_ಕ್ಲೋಎಕ್ಸೆಕ್’ ಫ್ಲ್ಯಾಗ್ ಕೊಡಿ. ಪ್ರೊಸೆಸ್ ‘ಎಕ್ಸೆಕ್’ ಮೂಲಕ ಬೇರೆ ಪ್ರೋಗ್ರಾಮಾಗಿ ಬದಲಾದಾಗ ಆ ಎಫ್‌ಡಿ ತಾನಾಗಿ ಮುಚ್ಚಿಕೊಳ್ಳಲಿ ಎಂಬುದು ಇದರ ಅರ್ಥ. ಇಲ್ಲದಿದ್ದರೆ ತೂಕದ ಪ್ರೋಗ್ರಾಮ್ ಚೀಟಿ ಮುದ್ರಿಸಲು ಒಂದು ಶೆಲ್ ಆಜ್ಞೆ ಓಡಿಸಿದಾಗ, ಆ ಮುದ್ರಣದ ಪ್ರೊಸೆಸ್ಸಿನ ಕೈಯಲ್ಲೂ ಕಟ್ಟೆಯ ಎಫ್‌ಡಿ ಉಳಿಯುತ್ತದೆ. ತೂಕದ ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆದರೆ “ಕಟ್ಟೆ ಬಳಕೆಯಲ್ಲಿದೆ” ಎಂಬ ಉತ್ತರ. ನಂತರ ‘ಎಫ್‌ಕಂಟ್ರೋಲ್’ ಮೂಲಕ ಹಾಕಿಕೊಳ್ಳಲಿ ಎಂದು ಬಳಕೆದಾರರಿಗೆ ಬಿಟ್ಟರೆ, ಎರಡು ಕರೆಗಳ ನಡುವಿನ ಸಂದಿಯಲ್ಲಿ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿಬಿಡಬಹುದು. ಪೈಥಾನ್ ಭಾಷೆ ಕೂಡ 2014ರ 3.4 ಆವೃತ್ತಿಯಿಂದ ತಾನು ಮಾಡುವ ಎಫ್‌ಡಿಗಳನ್ನು ಮುಂದಿನ ಪ್ರೋಗ್ರಾಮಿಗೆ ದಾಟದ ಹಾಗೆಯೇ ಮಾಡುತ್ತದೆ. ದಾಟಿಸಲೇಬೇಕಾದವರು ಫ್ಲ್ಯಾಗನ್ನು ತೆಗೆದುಕೊಳ್ಳಬಹುದು.

ಹಂತ 6: ಆಯುಸ್ಸಿನ ಲೆಕ್ಕ

“ಕ್ಲೋಸ್ ಮಾಡಿದರೂ ರಿಲೀಸ್ ಏಕೆ ಓಡಲಿಲ್ಲ” ಎಂಬ ಪ್ರಶ್ನೆಗೆ ಉತ್ತರ ಚಪ್ಪಲಿ ಸ್ಟ್ಯಾಂಡಿನಲ್ಲಿಯೇ ಇದೆ: ಒಂದೇ ಜೋಡಿಗೆ ಎರಡು ಬಿಲ್ಲೆ ಇದ್ದರೆ ಒಂದನ್ನು ಮರಳಿಸಿದ ಮಾತ್ರಕ್ಕೆ ಸ್ಟ್ಯಾಂಡ್ ಖಾಲಿಯಾಗುವುದಿಲ್ಲ. ‘ಡಪ್’ ಮಾಡಿ ಅದೇ ಫೈಲಿಗೆ ಇನ್ನೊಂದು ಎಫ್‌ಡಿ ಪಡೆದಿರಬಹುದು, ಫೋರ್ಕ್ ಮಾಡಿ ಪ್ರೊಸೆಸ್ಸಿನ ನಕಲು ಹುಟ್ಟಿಸಿರಬಹುದು, ಸಾಕೆಟ್ಟಿನ ಮೇಲೆ ಕಳಿಸಿರಬಹುದು, ‘ಎಂಮ್ಯಾಪ್’ ಮಾಡಿದ್ದರೆ ಆ ಮೆಮೊರಿ ನಕ್ಷೆಯೂ ಫೈಲನ್ನು ಹಿಡಿದಿರುತ್ತದೆ. ಡ್ರೈವರ್ ಇವನ್ನೆಲ್ಲ ಪತ್ತೆ ಹಚ್ಚಲು ಹೋಗಬಾರದು. ರಿಲೀಸ್ ಬಂದಾಗ ಬಿಡಿ, ಬರುವವರೆಗೆ ಹಿಡಿದಿರಿ, ಅಷ್ಟೇ ನಿಯಮ.

ಕಷ್ಟ ಬರುವುದು ಹಾರ್ಡ್‌ವೇರ್ ಮೊದಲೇ ಹೋದಾಗ. ಒಂದು ದಾಲ್ ಮಿಲ್ಲಿಗೆ ಇಂಥದ್ದೇ ಕಾರ್ಡಿನ ಡ್ರೈವರ್ ಬರೆದಿದ್ದ ನಾನು, ಸ್ಟ್ರಕ್ಚರಿಗೆ ‘ಡೆವ್‌ಎಂ_ಕೆಜಡ್‌ಅಲಾಕ್’ನಿಂದ ಮೆಮೊರಿ ತೆಗೆದುಕೊಂಡಿದ್ದೆ, ಕಸ ಗುಡಿಸುವಾಗ ಕಾಲಿಗೆ ತಾಗಿ ಕೇಬಲ್ ಕಳಚಿತು, ಯಂತ್ರ ನಿಂತಿತು. ‘ಡೆವ್‌ಎಂ’ ಹೆಸರಿನ ಫಂಕ್ಷನ್ನುಗಳು ಕೊಡುವ ಮೆಮೊರಿ ಡಿವೈಸಿನಿಂದ ಡ್ರೈವರ್ ಬೇರ್ಪಟ್ಟ ಗಳಿಗೆಯಲ್ಲಿ ಬಿಡುಗಡೆಯಾಗುತ್ತದೆ, ಎಫ್‌ಡಿ ಇನ್ನೂ ತೆರೆದಿದೆಯೇ ಎಂದು ಅವು ಕೇಳುವುದಿಲ್ಲ. ಎಫ್‌ಡಿಯಿಂದ ತಲುಪಬಹುದಾದ ಯಾವುದನ್ನೂ ‘ಡೆವ್‌ಎಂ’ನಿಂದ ಪಡೆಯಬೇಡಿ. ಸಾದಾ ‘ಕೆಜಡ್‌ಅಲಾಕ್’ ಮತ್ತು ‘ಕೆರೆಫ್’, ಅಂದರೆ ಎಣಿಕೆ ಇಡುವ ಸಿದ್ಧ ಸ್ಟ್ರಕ್ಚರ್, ಬಳಸಿ. ಕಾರ್ಡು ಹೋದಾಗ ಲಾಕ್ ಹಿಡಿದು “ಹೋಯಿತು” ಎಂದು ಗುರುತು ಹಾಕಿ, ಕಾಯುತ್ತಿರುವವರನ್ನೆಲ್ಲ ಎಬ್ಬಿಸಿ, ಮುಂದೆ ಓದಲು ಬಂದವರಿಗೆ ‘ಇನೋಡೆವ್’ ಕೊಡಿ, ಪೋಲ್ ಕೇಳಿದವರಿಗೆ ‘ಇಪೋಲ್‌ಹಪ್’ ಮತ್ತು ‘ಇಪೋಲ್‌ಎರರ್’ ಎರಡನ್ನೂ ತೋರಿಸಿ. ಕಾಯುವ ಸಾಲು, ಅಂದರೆ ವೇಟ್ ಕ್ಯೂ, ರಿಲೀಸ್‌ವರೆಗೂ ಬದುಕುವ ಸ್ಟ್ರಕ್ಚರಿನೊಳಗೇ ಇರಲಿ, ಏಕೆಂದರೆ ಇಪೋಲ್ ಅದರಲ್ಲಿ ತನ್ನ ಕೊಂಡಿಯನ್ನು ಸಿಕ್ಕಿಸಿಟ್ಟಿರುತ್ತದೆ.

ಫೈಲ್ ಆಪರೇಷನ್ಸ್ ಸ್ಟ್ರಕ್ಚರಿನಲ್ಲಿ ‘ಓನರ್’ ಜಾಗಕ್ಕೆ ‘ದಿಸ್_ಮಾಡ್ಯೂಲ್’ ಹಾಕುವುದನ್ನೂ ಮರೆಯಬೇಡಿ. ಕಾರ್ಡಿನ ಫೈಲಿಗೆ ಹಾಕಿ ಕಟ್ಟೆಯ ಫೈಲಿಗೆ ಬಿಡುವವರೇ ಹೆಚ್ಚು. ಕಾರ್ಡಿನ ಎಫ್‌ಡಿ ಮುಚ್ಚಿ ಕಟ್ಟೆಯದನ್ನು ಮಾತ್ರ ಇಟ್ಟುಕೊಂಡ ಪ್ರೋಗ್ರಾಮ್ ಇರುವಾಗ ಮಾಡ್ಯೂಲ್ ತೆಗೆಯಲು ಆಗಿಬಿಟ್ಟರೆ, ಮುಂದಿನ ಓದು ಇಲ್ಲದ ಕೋಡಿಗೆ ಹಾರುತ್ತದೆ.

ಹಂತ 7: ಎಫ್‌ಡಿಯನ್ನು ಮರಳಿ ತೆಗೆದುಕೊಳ್ಳುವಾಗ

ಎರಡು ಕಟ್ಟೆಗಳನ್ನು ಜೋಡಿಸಿ ಒಟ್ಟು ತೂಕ ಕೊಡು ಎಂಬ ಆಜ್ಞೆಯಿದ್ದರೆ, ಪ್ರೋಗ್ರಾಮ್ ಎರಡನೆಯ ಕಟ್ಟೆಯ ಎಫ್‌ಡಿಯನ್ನು ನಿಮಗೆ ಕೊಡುತ್ತದೆ. ‘ಎಫ್‌ಗೆಟ್’ ಮೂಲಕ ಫೈಲ್ ಹಿಡಿಯಿರಿ, ಆ ಫೈಲಿನ ಆಪರೇಷನ್ಸ್ ಪಾಯಿಂಟರ್ ನಿಮ್ಮ ಕಟ್ಟೆಯ ಆಪರೇಷನ್ಸ್ ಸ್ಟ್ರಕ್ಚರನ್ನೇ ತೋರಿಸುತ್ತದೆಯೇ ಎಂದು ಹೋಲಿಸಿ, ಹೌದಾದರೆ ಮಾತ್ರ ಅದರ ಖಾಸಗಿ ಪಾಯಿಂಟರನ್ನು ಬಳಸಿ. ಹೋಲಿಸದೆ ಬಳಸಿದರೆ, ಯಾರಾದರೂ ಒಂದು ಪೈಪಿನ ಎಫ್‌ಡಿ ಕೊಟ್ಟಾಗ ಪೈಪಿನ ಸ್ಟ್ರಕ್ಚರನ್ನು ನೀವು ಕಟ್ಟೆಯೆಂದು ತಿಳಿದು ಅದರಲ್ಲಿ ಬರೆಯುತ್ತೀರಿ.

ನಂಬರನ್ನು ಎಂದೂ ಉಳಿಸಿಟ್ಟುಕೊಳ್ಳಬೇಡಿ, ಫೈಲಿನ ರೆಫರೆನ್ಸನ್ನು ಉಳಿಸಿಕೊಳ್ಳಿ. ವರ್ಕ್ ಕ್ಯೂನಲ್ಲಿ ಓಡುವ ಕೋಡಿಗೆ ಬಳಕೆದಾರರ ಎಫ್‌ಡಿ ಪಟ್ಟಿಯೇ ಇರುವುದಿಲ್ಲ, ಅಲ್ಲಿ 7 ಎಂದರೆ ಅರ್ಥವಿಲ್ಲ. ಇವೆಂಟ್‌ಎಫ್‌ಡಿಗೆ ‘ಇವೆಂಟ್‌ಎಫ್‌ಡಿ_ಸಿಟಿಎಕ್ಸ್_ಎಫ್‌ಡಿಗೆಟ್’, ಡಿಎಂಎ-ಬಫ್‌ಗೆ ‘ಡಿಎಂಎ_ಬಫ್_ಗೆಟ್’ ಎಂಬ ಸಿದ್ಧ ಫಂಕ್ಷನ್ನುಗಳಿವೆ, ಹೋಲಿಕೆಯನ್ನು ಅವೇ ಮಾಡುತ್ತವೆ. ಬಳಕೆದಾರರ ಪರವಾಗಿ ಎಫ್‌ಡಿ ಮುಚ್ಚುವ ಉಪಕಾರವನ್ನಂತೂ ಡ್ರೈವರ್ ಮಾಡಲೇಬಾರದು.

ಹಂತ 8: ಸೋಲಿಸಿ ನೋಡಿ

ಎಲ್ಲ ಸರಿಯಿದ್ದಾಗ ಓಡುವ ಡ್ರೈವರ್ ಎಲ್ಲರೂ ಬರೆಯುತ್ತಾರೆ. ಪರೀಕ್ಷೆ ಮಾಡಬೇಕಾದ್ದು ಸೋಲಿನ ದಾರಿಗಳನ್ನು. ‘ಕಾಪಿ_ಟು_ಯೂಸರ್’ ಮಾತ್ರ ಸೋಲುವಂತೆ ಮಾಡಲು ಒಂದು ಸುಲಭ ಉಪಾಯವಿದೆ. ‘ಎಂಮ್ಯಾಪ್’ ಮೂಲಕ ಒಂದು ಪುಟ ಮೆಮೊರಿ ಪಡೆದು, ಅದರಲ್ಲಿ ಸ್ಟ್ರಕ್ಚರ್ ತುಂಬಿ, ಬಳಿಕ ‘ಎಂಪ್ರೊಟೆಕ್ಟ್’ನಿಂದ ಆ ಪುಟವನ್ನು ಓದಲು ಮಾತ್ರ ಎಂದು ಮಾಡಿ ಐಆಕ್ಟಲ್ ಕರೆಯಿರಿ. ಕರ್ನಲ್ ಸ್ಟ್ರಕ್ಚರನ್ನು ಓದಿಕೊಳ್ಳುತ್ತದೆ, ಬರೆಯಲು ಬಂದಾಗ ಮಾತ್ರ ಸೋಲುತ್ತದೆ, ನಿಮಗೆ ‘ಇಫಾಲ್ಟ್’ (ವಿಳಾಸ ಕೆಟ್ಟದ್ದು ಎಂಬ ಎರರ್) ಸಿಗಬೇಕು. ಪರೀಕ್ಷೆಗೆ ಮೊದಲು ‘ಡಪ್’ ಕರೆದು ಬಂದ ನಂಬರ್ ಬರೆದುಕೊಂಡು ಮುಚ್ಚಿ, ಪರೀಕ್ಷೆಯ ನಂತರ ಮತ್ತೆ ಕರೆಯಿರಿ. ಅದೇ ನಂಬರ್ ಬಂದರೆ ಎಫ್‌ಡಿ ಸೋರಿಲ್ಲ. ಇದನ್ನೇ ಒಂದು ಲಕ್ಷ ಸಲ ಲೂಪ್ ಮಾಡಿ, ಕೆಎಸಾನ್ ಸುಮ್ಮನಿದೆಯೇ ನೋಡಿ.

ನಂತರ ‘ಯುಲಿಮಿಟ್ -ಎನ್ 5’ ಎಂದು ಮಿತಿ ಇಳಿಸಿ, ಕೆಲವು ಕಟ್ಟೆಗಳನ್ನು ಕೇಳಿ. ‘ಇಎಂಫೈಲ್’ (ಎಫ್‌ಡಿ ಮಿತಿ ಮುಗಿಯಿತು ಎಂಬ ಎರರ್) ಬರಬೇಕು, ಆಮೇಲೆ ಮಿತಿ ಏರಿಸಿ ಅದೇ ಕಟ್ಟೆಯನ್ನು ಕೇಳಿದರೆ ಸಿಗಬೇಕು. ಸಿಗದೆ “ಬಳಕೆಯಲ್ಲಿದೆ” ಎಂದರೆ, ನಂಬರ್ ಸಿಗುವ ಮೊದಲೇ ನೀವು ಕಟ್ಟೆಯನ್ನು ಗುರುತು ಹಾಕಿ, ಸೋತಾಗ ಅಳಿಸಲು ಮರೆತಿದ್ದೀರಿ. ಎಫ್‌ಡಿ ತೆರೆದಿಟ್ಟು ಮಾಡ್ಯೂಲ್ ತೆಗೆಯಲು ನೋಡಿ, ಬಳಕೆಯಲ್ಲಿದೆ ಎಂದು ಕರ್ನಲ್ ನಿರಾಕರಿಸಬೇಕು. ಎಫ್‌ಡಿಯನ್ನು ಇಪೋಲ್‌ಗೆ ಸೇರಿಸಿಟ್ಟು ಕೇಬಲ್ ಕಿತ್ತು ನೋಡಿ.

ಇಷ್ಟಾದ ಮೇಲೆ ‘/ಪ್ರಾಕ್’ ಒಳಗೆ ಆ ಪ್ರೊಸೆಸ್ಸಿನ ‘ಎಫ್‌ಡಿ’ ಫೋಲ್ಡರನ್ನು ‘ಎಲ್‌ಎಸ್ -ಎಲ್’ ಮಾಡಿದರೆ ನಿಮ್ಮ ಎಫ್‌ಡಿ ‘ಅನಾನ್_ಐನೋಡ್:[ತೂಕ-ಕಟ್ಟೆ]’ ಎಂಬ ಬಗೆಯಲ್ಲಿ ಕಾಣುತ್ತದೆ. ಕೋಲನ್ನಿನ ನಂತರ ಬರುವುದು, ಆವರಣ ಚಿಹ್ನೆಯೂ ಸೇರಿ, ‘ಅನಾನ್_ಐನೋಡ್_ಗೆಟ್‌ಫೈಲ್’ಗೆ ನೀವು ಕೊಟ್ಟ ಹೆಸರು. ಎಂಟು ಕಟ್ಟೆಗೂ ಅದೇ ಹೆಸರು ಬರುವುದರಿಂದ ಯಾವುದು ಯಾವ ಕಟ್ಟೆ ಎಂದು ಅಲ್ಲಿ ತಿಳಿಯುವುದಿಲ್ಲ. ಆಪರೇಷನ್ಸ್ ಸ್ಟ್ರಕ್ಚರಿನ ‘ಷೋ_ಎಫ್‌ಡಿಇನ್ಫೋ’ ಜಾಗದಲ್ಲಿ ನಾಲ್ಕು ಸಾಲಿನ ಫಂಕ್ಷನ್ ಬರೆದು ಕಟ್ಟೆಯ ಸಂಖ್ಯೆಯನ್ನೂ ಓದುವ ದರವನ್ನೂ ಮುದ್ರಿಸಿಬಿಡಿ. ಮಿಲ್ಲಿನಿಂದ “ಐದನೆಯ ಕಟ್ಟೆ ಯಾರೋ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ” ಎಂದು ಫೋನ್ ಬಂದಾಗ ಯಾವ ಪ್ರೊಸೆಸ್ ಎಂದು ಕುಳಿತಲ್ಲಿಂದಲೇ ನೋಡಿ ಹೇಳಬಹುದು.